ಕಂಬಳಿ ಆಂಟೆನಾದ ಫ್ರೀಕ್ವೆನ್ಸಿ ಮಳೆಗಾಲದಲ್ಲಿ ಯಾಕೆ ಇಳಿಯುತ್ತೆ?

ಪ್ರಶ್ನೆ: ಸರ್, ನಾನು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಕುರಿ ಕಾಯುವವರ ಕಂಬಳಿಗೇ ಬ್ಲೂಟೂತ್ ಆಂಟೆನಾ ಸೇರಿಸುವ ಪ್ರಾಜೆಕ್ಟ್ ನಮ್ಮದು. ನಮ್ಮೂರ ಉಣ್ಣೆ ಕಂಬಳಿಯ ತುಂಡಿಗೆ ಎರಡೂ ಕಡೆ ತಾಮ್ರ ಲೇಪಿಸಿದ ಬಟ್ಟೆ ಅಂಟಿಸಿ, 2.45 ಗಿಗಾಹರ್ಟ್ಸ್‌ಗೆ ಪ್ಯಾಚ್ ಆಂಟೆನಾ (ಚಪ್ಪಟೆ ಹಾಳೆಯಂಥ ಆಂಟೆನಾ) ಮಾಡಿದೆವು. ಏಪ್ರಿಲ್‌ನಲ್ಲಿ ಸರಿಯಾಗಿತ್ತು. ಜುಲೈನಲ್ಲಿ ಅಳೆದರೆ 2.36ಕ್ಕೆ ಇಳಿದಿದೆ. ನೀರಲ್ಲಿ ನೆನೆಸಿಲ್ಲ. ಅಳತೆ ತಪ್ಪಾಗಿದೆಯಾ? ಕಂಬಳಿ ಬಿಟ್ಟುಬಿಡಲಾ?
– ವಿದ್ಯಾರ್ಥಿನಿ, ಚಳ್ಳಕೆರೆ

ಉತ್ತರ: ಅಳತೆ ತಪ್ಪಿಲ್ಲಮ್ಮ. ಕಂಬಳಿ ನೀರು ಕುಡಿದಿದೆ, ಅದೂ ಗಾಳಿಯಿಂದ. ಗಾಳಿಯ ತೇವಾಂಶ ಶೇ. 65 ಇದ್ದರೆ ಉಣ್ಣೆ ತನ್ನ ಒಣ ತೂಕದ ಶೇ. 15ರ ಆಸುಪಾಸು ನೀರು ಹೀರಿಕೊಳ್ಳುತ್ತೆ. ಮುಟ್ಟಿದರೆ ಒಣಗಿದ ಹಾಗೇ ಇರುತ್ತೆ. ಹತ್ತಿ ಹೀರೋದು ಶೇ. 7-8, ಪಾಲಿಯೆಸ್ಟರ್ ಬರೀ 0.4. ಹತ್ತಿಗಿರಣಿಗಳ ಈ ದಾವಣಗೆರೆಯಲ್ಲಿ ಬೆಳೆದ ನನಗೆ ಇದು ಹಳೇ ವಿಷಯ. ತೇವ ಕಮ್ಮಿಯಾದರೆ ನೂಲು ಕಡಿಯುತ್ತೆ ಅಂತ ಗಿರಣಿಯೊಳಗೆ ಗಾಳಿಗೇ ನೀರು ಸಿಂಪಡಿಸುತ್ತಿದ್ದರು.

ಒಣ ಬಟ್ಟೆಯ ಪರ್ಮಿಟಿವಿಟಿ, ಅಂದ್ರೆ ವಿದ್ಯುತ್ ಕ್ಷೇತ್ರದ ಶಕ್ತಿಯನ್ನು ಒಳಗೆ ಹಿಡಿದಿಡುವ ಗುಣದ ಅಳತೆ, 1ರಿಂದ 2ರೊಳಗೆ. ನೀರಿನದು ಹತ್ತಿರ ಹತ್ತಿರ 78. ಹಾಗಾಗಿ ಚೂರು ನೀರು ಸೇರಿದರೂ ಸಾಕು, ಪರ್ಮಿಟಿವಿಟಿ ಏರಿ ಫ್ರೀಕ್ವೆನ್ಸಿ ಇಳಿಯುತ್ತೆ. ನಿನ್ನ ಕಂಬಳಿಯದು 1.50 ಇದ್ದದ್ದು 1.62 ಆದರೆ ಲೆಕ್ಕ ಸರಿಹೋಗುತ್ತೆ, ಯಾಕಂದ್ರೆ ಫ್ರೀಕ್ವೆನ್ಸಿ ಇಳಿಯೋದು ಅದರ ವರ್ಗಮೂಲದ ಪ್ರಕಾರ. ಬ್ಲೂಟೂತ್ ಕೆಲಸ ಮಾಡೋದು 2.4ರಿಂದ 2.4835ರೊಳಗೆ. ನೀನು ಹೊರಗೆ ಬಿದ್ದೆ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಗಮನಿಸು. ಆಂಟೆನಾಗೆ ತೇವ ಏರಿದಾಗ ಎಸ್11 ಗ್ರಾಫಿನ (ಆಂಟೆನಾಗೆ ಕಳಿಸಿದ ಶಕ್ತಿಯಲ್ಲಿ ಎಷ್ಟು ವಾಪಸ್ ಬಂತು ಅಂತ ತೋರಿಸುವ ಗ್ರಾಫ್) ತಗ್ಗು ಅಗಲವಾಗುತ್ತೆ. 'ಬ್ಯಾಂಡ್‌ವಿಡ್ತ್ (ಆಂಟೆನಾ ಕೆಲಸ ಮಾಡುವ ಫ್ರೀಕ್ವೆನ್ಸಿಗಳ ಹರವು) ಜಾಸ್ತಿ ಆಯ್ತು' ಅಂತ ರಿಪೋರ್ಟ್‌ನಲ್ಲಿ ಖುಷಿಯಿಂದ ಬರೆದುಬಿಡಬೇಡ. ವಾಪಸ್ ಬಾರದ ಶಕ್ತಿಯೆಲ್ಲ ಹೊರಗೆ ಹೋಯ್ತು ಅಂತ ಅರ್ಥ ಅಲ್ಲ. ಒಂದಷ್ಟು ಉಣ್ಣೆಯೊಳಗಿನ ನೀರನ್ನು ಬಿಸಿ ಮಾಡೋದರಲ್ಲೇ ಮುಗಿದಿರುತ್ತೆ. ಬೆವರಾದರೆ ಉಪ್ಪೂ ಇರೋದರಿಂದ ನಷ್ಟ ಇನ್ನೂ ಜಾಸ್ತಿ. ಬಯಲಲ್ಲಿ ಒಂದೇ ದೂರದಲ್ಲಿ ಫೋನ್ ಇಟ್ಟು, ಒಣ ತುಂಡಿಗೂ ತೇವದ ತುಂಡಿಗೂ ಸಿಗ್ನಲ್ ಎಷ್ಟು ಬರುತ್ತೆ ನೋಡು. ನಿಜ ಅಲ್ಲಿ ಗೊತ್ತಾಗುತ್ತೆ.

ತೇವ ಎಷ್ಟಿದೆ ಅಂತ ಹಿಡಿಯೋಕೆ ದುಬಾರಿ ಯಂತ್ರ ಬೇಡ. ಬಿಗಿ ಮುಚ್ಚಳದ ಡಬ್ಬಿ ತಗೋ. ತಳದಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನ ಹಾಗಾಗುವಷ್ಟೇ ನೀರು ಬೆರೆಸು. ಉಪ್ಪು ಪೂರ್ತಿ ಕರಗಬಾರದು. 25 ಡಿಗ್ರಿಯಲ್ಲಿ ಒಳಗಿನ ತೇವಾಂಶ ಶೇ. 75ಕ್ಕೆ ತಾನೇ ನಿಲ್ಲುತ್ತೆ. ಆಂಟೆನಾವನ್ನು ಉಪ್ಪಿಗೆ ತಾಗದ ಹಾಗೆ ದಾರದಲ್ಲಿ ತೂಗುಹಾಕಿ ಎರಡು ದಿನ ಬಿಡು. ಒಣ ಅಳತೆಗೆ ಇನ್ನೊಂದು ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಡು. ಪ್ರತಿ ಸಲವೂ ಫ್ರೀಕ್ವೆನ್ಸಿ ಪಕ್ಕದಲ್ಲಿ ತೂಕ ಬರೆಯಲೇಬೇಕು. ತೂಕ ಇಲ್ಲದ ಅಳತೆಯನ್ನು ನಾನಂತೂ ನಂಬಲ್ಲ.

ಕಂಬಳಿ ಬಿಡಬೇಡ. ಕುರಿಯವರು ಅದನ್ನು ಹೊದೆಯೋದೇ ಮಳೆ-ಚಳಿಗೆ, ಸಿಗ್ನಲ್ ಬೇಕಾಗೋದೂ ಆಗಲೇ. ಆಂಟೆನಾದ ಎರಡು ತಾಮ್ರದ ಬಟ್ಟೆಗಳ ನಡುವೆ ಮಾತ್ರ ಕಂಬಳಿ ಬದಲು ಪಾಲಿಯೆಸ್ಟರ್ ಫೆಲ್ಟ್ (ಎಳೆಗಳನ್ನು ಒತ್ತಿ ಮಾಡಿದ ದಪ್ಪ ಬಟ್ಟೆ) ಬಳಸಿ, ಕಂಬಳಿಯ ಒಳಮೈಗೆ ಹೊಲಿ. ಆದರೆ ಪಾಲಿಯೆಸ್ಟರ್ ಎಳೆ ನೀರು ಹೀರದಿದ್ದರೂ ಎಳೆಗಳ ನಡುವೆ ಮಳೆನೀರು ನಿಲ್ಲುತ್ತೆ. ಅದಕ್ಕೆ ಟಿಪಿಯು ಹಾಳೆಯಿಂದ (ಬಾಗುವ, ನೀರು ಬಿಡದ ತೆಳು ಪ್ಲಾಸ್ಟಿಕ್) ನಾಲ್ಕೂ ಅಂಚು, ವೈರ್ ಹೊರಬರುವ ಜಾಗ ಎಲ್ಲ ಮುಚ್ಚು. ಚೆನ್ನಾಗಿ ಒಣಗಿಸಿದ ಮೇಲೇ ಮುಚ್ಚಬೇಕು, ಇಲ್ಲದಿದ್ದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತೆ. ಹಾಳೆ ಹಚ್ಚಿದಾಗ ಫ್ರೀಕ್ವೆನ್ಸಿ ಮತ್ತೆ ಸ್ವಲ್ಪ ಇಳಿಯುತ್ತೆ. ಪ್ಯಾಚ್‌ನ ಉದ್ದ ಅದಕ್ಕೆ ತಕ್ಕಂತೆ ಒಂದು ಕೂದಲಷ್ಟು ಕಮ್ಮಿ ಮಾಡು.