ಮಕ್ಕಳನ್ನು ಹಕ್ಕಿ ನೋಡಲು ಕರೆದೊಯ್ದರೆ ಏನು ಕಲಿತರು ಅಂತ ತಿಳಿಯುವುದು ಹೇಗೆ?

ಎಂಟನೇ ತರಗತಿಯ 40 ಮಕ್ಕಳನ್ನು ಒಂದು ದಿನ ಹೊರಗೆ ಕರೆದೊಯ್ಯಬೇಕು, ಅವರು ಏನಾದರೂ ಕಲಿತರಾ ಅಂತ ಗೊತ್ತಾಗುವುದು ಹೇಗೆ ಅಂತ ಕೇಳಿದ್ದೀರಿ. ನಾನು ಮಂಡ್ಯ ಕಡೆಯ ವಿಜ್ಞಾನ ಮೇಷ್ಟ್ರು. ನನ್ನ ಎಡವಟ್ಟಿನಿಂದಲೇ ಶುರು ಮಾಡುತ್ತೇನೆ.

ಮೊದಲ ವರ್ಷ ಒಂದೇ ದಿನ ರಂಗನತಿಟ್ಟು, ಬಲಮುರಿ, ಕೆಆರ್‌ಎಸ್ ಮೂರನ್ನೂ ಸುತ್ತಿಸಿದೆ. ಮರುದಿನ ಪ್ರವಾಸದ ಬಗ್ಗೆ ಬರೆಯಿರಿ ಅಂದೆ. ಬಸ್ಸಿನಲ್ಲಿ ಅಂತ್ಯಾಕ್ಷರಿ, ಚಿತ್ರಾನ್ನ, ಕೊನೆಗೆ 'ತುಂಬಾ ಖುಷಿಯಾಯಿತು'. ಹಕ್ಕಿಗೆ ಸಿಕ್ಕಿದ್ದು ಒಂದೂವರೆ ಸಾಲು. ತಪ್ಪು ಮಕ್ಕಳದ್ದಲ್ಲ ಬಿಡಿ.

ಮುಂದಿನ ವರ್ಷ ಒಂದೇ ಜಾಗ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಬೈನಾಕ್ಯುಲರ್‌ಗೆ ಕ್ಯೂ ನಿಲ್ಲಿಸುವ ಗೋಳಿಲ್ಲ. ಫೆಬ್ರವರಿ, ಮಾರ್ಚ್ ಒಳ್ಳೇ ಸಮಯ. ಅಕ್ಟೋಬರ್‌ನಲ್ಲಿ ಹೋದರೆ ಸುಮ್ನೆ ಮರ ನೋಡಿಕೊಂಡು ಬರಬೇಕು. ಪ್ರವಾಸಕ್ಕೆ ಮುಂಚಿನ ಭಾನುವಾರ ನಾನೊಬ್ಬನೇ ಬೈಕಿನಲ್ಲಿ ಹೋಗಿ ಬಂದೆ. ಬಸ್ಸು ಎಲ್ಲಿ ನಿಲ್ಲುತ್ತದೆ, ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿದೆ, ಹತ್ತು ಗಂಟೆಗೆ ಎಲ್ಲಿ ನೆರಳಿರುತ್ತದೆ, ಇಷ್ಟು ನೋಡಿಕೊಂಡರೆ ಅರ್ಧ ಪ್ಲಾನ್ ಆದಂತೆ. ಪೋಷಕರ ಒಪ್ಪಿಗೆ, ಇಲಾಖೆಯ ಅನುಮತಿ ನಿಮಗೆ ಗೊತ್ತಿರುವುದೇ ಅಲ್ವಾ.

ಇನ್ನು ಕಲಿಕೆಯ ವಿಷಯ. ಹೊರಡುವ ಮುನ್ನಾದಿನ ಪ್ರತಿಯೊಬ್ಬರಿಂದ ಹೆಜ್ಜಾರ್ಲೆಯ ಒಂದು ಚಿತ್ರ, ಅದರ ಬಗ್ಗೆ ಒಂದು ಪ್ರಶ್ನೆ ಬರೆಸಿಕೊಂಡೆ. ಬಂದು ಒಂದು ವಾರ ಬಿಟ್ಟು, ಹೇಳದೆ ಕೇಳದೆ, ಮತ್ತೆ ಅದನ್ನೇ ಮಾಡಿಸಿದೆ. ಮೊದಲ ಚಿತ್ರಗಳಲ್ಲಿ ಕೊಕ್ಕಿನ ಕೆಳಗಿನ ಚೀಲವೇ ಇರಲಿಲ್ಲ. ಎರಡನೆಯದರಲ್ಲಿ ಬಂದಿತ್ತು. ಆದರೆ ನಿಜವಾಗಿ ಬದಲಾಗಿದ್ದು ಪ್ರಶ್ನೆಗಳು. ಮೊದಲು ಬರೀ 'ಹಕ್ಕಿ ಎಷ್ಟು ತೂಕ ಇರುತ್ತೆ' ತರದವು. ಆಮೇಲೆ ಒಬ್ಬಳು ಬರೆದಳು: 'ಗೂಡಿರುವಾಗಲೇ ಹಣ್ಣು ಬಡಿಯೋ ಕಾಲ ಬರುತ್ತಲ್ಲ ಸಾರ್, ಮರದವರು ಏನು ಮಾಡ್ತಾರೆ?' ಅವಳ ಮನೆಯಲ್ಲೂ ಹುಣಸೆ ಮರವಿದೆ. ಊರವರು ಫಸಲು ಬಿಟ್ಟುಕೊಡುವುದು, ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುವುದು, ಹಿಕ್ಕೆ ಗೊಬ್ಬರವಾಗಿ ಹೊಲ ಸೇರುವುದು... ಆ ಒಂದು ಪ್ರಶ್ನೆಗೆ ನನಗೆ ಎರಡು ಪೀರಿಯಡ್ ಬೇಕಾಯಿತು.

ಅಂಕ ಕೊಡಲಿಲ್ಲ. ಎರಡು ಹಾಳೆಯನ್ನೂ ಪಿನ್ ಮಾಡಿ ಅವರಿಗೇ ಕೊಟ್ಟೆ. ವರದಿ ಕೇಳಿದರೆ ಅಂಥ ನಾಲ್ಕೈದು ಜೋಡಿ ಲಗತ್ತಿಸಿ.

ಹಾಂ, ಎಲ್ಲರಿಗೂ ಟೋಪಿ ಹಾಕಿಸಿ, ಬಿಸಿಲಿಗಷ್ಟೇ ಅಲ್ಲ. ಮೂವರು ತಮ್ಮ ಎರಡನೇ ಚಿತ್ರದಲ್ಲಿ ನನ್ನ ಬಿಳಿ ಶರ್ಟನ್ನೂ, ಅದರ ಮೇಲೆ ಬಿದ್ದಿದ್ದನ್ನೂ ಬಿಡಿಸಿದ್ದರು.