ಗಾಢನಿದ್ರೆಯಲ್ಲಿ ಮೆದುಳಿನ ಅಲೆಗಳು

ಪ್ರಶ್ನೆ: ಮುಂಗಾರಿಗೆ ಮೊದಲಿನ ಗುಡುಗು ಸಿಡಿಲಿಗೂ ನನ್ನ ಒಂಬತ್ತು ವರ್ಷದ ಮಗ ಮಿಸುಕುವುದಿಲ್ಲ, ಎಪ್ಪತ್ತು ದಾಟಿದ ನಮ್ಮ ಅತ್ತೆಯವರಿಗೆ ತೋಟದಾಚೆ ನಾಯಿ ಬೊಗಳಿದರೂ ಎಚ್ಚರವಾಗುತ್ತದೆ. ಗಾಢನಿದ್ರೆಯಲ್ಲಿ ಮೆದುಳಿನ ಅಲೆಗಳು ನಿಂತುಹೋಗುತ್ತವೆಯೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ನಿಲ್ಲುವುದಿಲ್ಲ, ಆರೋಗ್ಯವಂತರ ಮೆದುಳಿನ ಅತಿ ದೊಡ್ಡ ಅಲೆಗಳು ಕಾಣಿಸುವುದೇ ಆಗ. ಎಚ್ಚರವಿರುವಾಗ ನರಕೋಶಗಳು ತಮ್ಮ ತಮ್ಮ ಕೆಲಸದಲ್ಲಿ ಚದುರಿರುವುದರಿಂದ ಇಇಜಿಯಲ್ಲಿ (ನೆತ್ತಿಯ ಮೇಲಿಟ್ಟ ತಂತಿಗಳಿಂದ ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಪರೀಕ್ಷೆ) ಚಿಕ್ಕ, ವೇಗದ ಅಲೆಗಳು ಮೂಡುತ್ತವೆ. ಕಣ್ಣು ಮುಚ್ಚಿ ವಿಶ್ರಮಿಸಿದರೆ ಸೆಕೆಂಡಿಗೆ 8ರಿಂದ 13ರಷ್ಟು ಆಲ್ಫಾ ಅಲೆಗಳು ಏಳುತ್ತವೆ. ಜರ್ಮನಿಯ ಮನೋವೈದ್ಯ ಹಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದ, ಮನುಷ್ಯರ ಮೊದಲ ಇಇಜಿ ವರದಿಯಲ್ಲಿಯೇ ಇವುಗಳ ಪ್ರಸ್ತಾಪವಿದೆ. ಜೊಂಪು ಹತ್ತಿದಂತೆ ಆಲ್ಫಾ ಕರಗಿ, ಲಘುನಿದ್ರೆ ದಾಟಿದ ಮೇಲೆ ಸೆಕೆಂಡಿಗೆ ಸುಮಾರು ಒಂದರಂತೆ ಏಳುವ, 75 ಮೈಕ್ರೋವೋಲ್ಟಿಗೂ ಎತ್ತರದ ನಿಧಾನದ ಅಲೆಗಳು ಹರಡುತ್ತವೆ.

ಸಂತೆಯ ಗದ್ದಲ ಒಮ್ಮೆಲೇ ಭಜನೆಯ ತಾಳಕ್ಕೆ ಬಂದಂತೆ, ಆಗ ಅಸಂಖ್ಯ ನರಕೋಶಗಳು ಒಟ್ಟಿಗೆ ಮಿಡಿದು ಒಟ್ಟಿಗೆ ಮೌನವಾಗುತ್ತವೆ. ನಿಮ್ಮ ಪ್ರಶ್ನೆಗೆ ಮುಖ್ಯವಾದುದು ಈ ಮೌನ. ಕಿವಿಯಿಂದ ಬಂದ ಸದ್ದು ಮೆದುಳಿನ ಹೊರಪದರವನ್ನು ಮುಟ್ಟಿದರೂ, ಅಲ್ಲಿಂದ ಬೇರೆ ಭಾಗಗಳಿಗೆ ಹರಡುವ ಮೊದಲೇ ಅಡಗಿಹೋಗುವುದರಿಂದ ಮಲಗಿದವರಿಗೆ ಅದರ ಅರಿವಾಗುವುದಿಲ್ಲ. ಮಕ್ಕಳಲ್ಲಿ ಈ ಅಲೆಗಳು ಬಹಳ ಎತ್ತರವಾಗಿರುತ್ತವೆ, ಗಾಢನಿದ್ರೆಯ ಪಾಲೂ ಹೆಚ್ಚು. ಅದರ ಬಹುಭಾಗ ರಾತ್ರಿಯ ಮೊದಲ ಮೂರನೆಯ ಒಂದು ಭಾಗದಲ್ಲಿ ಬರುವುದರಿಂದ, ನಿಮ್ಮ ಮಗನನ್ನು ಹತ್ತು ಗಂಟೆಗೆ ಎಬ್ಬಿಸುವುದು ನಸುಕಿನಲ್ಲಿ ಎಬ್ಬಿಸುವುದಕ್ಕಿಂತ ಕಷ್ಟವಾದೀತು.

ವಯಸ್ಸಾದಂತೆ ಅಲೆಗಳ ಎತ್ತರವೂ ಗಾಢನಿದ್ರೆಯ ಅವಧಿಯೂ ಇಳಿಯುತ್ತವೆ. ಆದ್ದರಿಂದ ಅತ್ತೆಯವರ ತೆಳುನಿದ್ರೆಯೊಂದನ್ನೇ ಕಾಯಿಲೆಯೆಂದು ಭಾವಿಸಬೇಕಾಗಿಲ್ಲ. ಜೋರು ಗೊರಕೆಯ ನಡುವೆ ಉಸಿರು ಕಟ್ಟುತ್ತಿದ್ದರೆ ಮಾತ್ರ ವೈದ್ಯರಿಗೆ ತೋರಿಸಲೇಬೇಕು. ಇನ್ನೊಂದು ಮಾತನ್ನು ನಿಮ್ಮ ಜಿಲ್ಲೆಯವರಿಗೆ ಹೇಳಲು ತುಸು ಸಂಕೋಚವೇ ಆಗುತ್ತದೆ. ಹಗಲಿಡೀ ಮೆದುಳಿನಲ್ಲಿ ಕೂಡಿಬಂದು ನಿದ್ರೆಯ ಒತ್ತಡವನ್ನು ಹೆಚ್ಚಿಸುವ ಅಡಿನೋಸಿನ್ ಎಂಬ ರಾಸಾಯನಿಕಕ್ಕೆ ಕಾಫಿಯ ಕೆಫೀನ್ ಅಡ್ಡ ನಿಲ್ಲುತ್ತದೆ, ನಿಧಾನದ ಅಲೆಗಳನ್ನೂ ತಗ್ಗಿಸುತ್ತದೆ. ಕುಡಿದದ್ದರಲ್ಲಿ ಅರ್ಧ ಕೆಫೀನ್ ಕರಗಲು ಸುಮಾರು ಐದು ಗಂಟೆ ಬೇಕಾಗುವುದರಿಂದ, ಸಂಜೆಯ ಲೋಟವನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಸರಿಸಿ ಕೆಲವು ವಾರ ನೋಡಬಹುದು.