ಕಾಗದಕ್ಕೆ ಬಾರದ ತೆರವುಗಳು

ಪ್ರಶ್ನೆ: ನಗರಗಳಲ್ಲಿ ಬಾಡಿಗೆದಾರರನ್ನು ಒಕ್ಕಲೆಬ್ಬಿಸುವುದರ ಬಗ್ಗೆ ಪಿಎಚ್.ಡಿ. ಸಂಶೋಧನೆ ಮಾಡಬೇಕೆಂದಿದ್ದೇನೆ. ನ್ಯಾಯಾಲಯದ ದಾಖಲೆಗಳನ್ನು ವಿಶ್ಲೇಷಿಸಿದರೆ ಸಾಕೆಂದು ಕೆಲವರು ಹೇಳುತ್ತಾರೆ. ಮನೆಮನೆಗೆ ಹೋಗಿ ವಿಚಾರಿಸುವುದು ನಿಜಕ್ಕೂ ಅಗತ್ಯವೇ?

ಉತ್ತರ: ಅಗತ್ಯ. ಮನೆ ಕಳೆದುಕೊಂಡವರಲ್ಲಿ ಹೆಚ್ಚಿನವರು ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಿರುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮ್ಯಾಥ್ಯೂ ಡೆಸ್ಮಂಡ್ ಅವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ವಿದ್ಯಾರ್ಥಿಯಾಗಿದ್ದಾಗ, 2008ರಿಂದ ಮಿಲ್ವಾಕಿ ನಗರದ ಬಡ ಬಡಾವಣೆಗಳಲ್ಲಿ ತಾವೇ ಬಾಡಿಗೆಗೆ ಇದ್ದು ಅಧ್ಯಯನ ನಡೆಸಿದರು. ಅದರ ಜೊತೆಗೆ 2009ರಿಂದ 2011ರವರೆಗೆ ಅಲ್ಲಿನ ಸುಮಾರು 1,100 ಬಾಡಿಗೆದಾರರ ಸಮೀಕ್ಷೆಯೂ ನಡೆಯಿತು. ಹಿಂದಿನ ಎರಡು ವರ್ಷಗಳಲ್ಲಿ ಪ್ರತಿ 8 ಮಂದಿಯಲ್ಲಿ ಒಬ್ಬರಾದರೂ ಒತ್ತಾಯಕ್ಕೆ ಮಣಿದು ಮನೆ ಬಿಟ್ಟಿದ್ದರೆಂದು ಅದು ತೋರಿಸಿತು. ಹಾಗೆ ಬಿಟ್ಟ ಪ್ರಸಂಗಗಳಲ್ಲಿ ನ್ಯಾಯಾಲಯದ ಮೂಲಕ ಆದವು ಸುಮಾರು ಶೇ. 24 ಮಾತ್ರ, ಮಾಲೀಕರು ಬಾಯಿಮಾತಿನಲ್ಲೋ ಬೆದರಿಕೆಯಿಂದಲೋ ಕೈಗಿಷ್ಟು ಹಣ ಕೊಟ್ಟೋ ಖಾಲಿ ಮಾಡಿಸಿದವು ಸುಮಾರು ಶೇ. 48. ಉಳಿದವು ಮಾಲೀಕರ ಸಾಲಕ್ಕೆ ಮನೆ ಜಪ್ತಿಯಾದದ್ದರಿಂದ ಅಥವಾ ಕಟ್ಟಡವನ್ನು ವಾಸಯೋಗ್ಯವಲ್ಲವೆಂದು ಘೋಷಿಸಿದ್ದರಿಂದ ಆದವು. ದಾಖಲೆಗಳನ್ನಷ್ಟೇ ನೆಚ್ಚಿಕೊಂಡಿದ್ದರೆ ಈ ಸಂಕಟದ ಮುಕ್ಕಾಲು ಪಾಲು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಪ್ರಶ್ನೆಯನ್ನು ಕೇಳುವ ಬಗೆಯೂ ಇಲ್ಲಿ ಬಹಳ ಮುಖ್ಯ. ‘ನಿಮ್ಮನ್ನು ಒಕ್ಕಲೆಬ್ಬಿಸಿದರೇ?’ ಎಂದು ಕೇಳಿದರೆ ಅನೇಕರು ಇಲ್ಲವೆನ್ನುತ್ತಾರೆ, ಏಕೆಂದರೆ ಅಮೀನರು ಬಂದು ಸಾಮಾನು ಹೊರಗೆ ಹಾಕಿದರೆ ಮಾತ್ರ ಅದು ತೆರವು, ಮಾಲೀಕರು ಹೇಳಿದ್ದಕ್ಕೆ ತಾವಾಗಿ ಹೊರಟರೆ ಅಲ್ಲ ಎಂಬ ಭಾವನೆ ಅವರಲ್ಲಿರುತ್ತದೆ. ಆದ್ದರಿಂದ ಹಿಂದಿನ ಮನೆಗಳನ್ನು ಒಂದೊಂದಾಗಿ ನೆನಪಿಸಿ, ಪ್ರತಿಯೊಂದನ್ನೂ ಏಕೆ ಬಿಟ್ಟಿರಿ, ಬಿಡದಿದ್ದರೆ ಏನಾಗುತ್ತಿತ್ತು ಎಂದು ತಾಳ್ಮೆಯಿಂದ ಕೇಳಬೇಕು. ಇನ್ನೊಂದು ತೊಡಕನ್ನೂ ಮರೆಯಬಾರದು: ಮನೆಮನೆಯ ಸಮೀಕ್ಷೆಗೆ ಸಿಗುವವರು ಮತ್ತೆ ಎಲ್ಲೋ ನೆಲೆ ಕಂಡುಕೊಂಡವರು. ನೆಂಟರ ಮನೆಯ ಮೂಲೆಯಲ್ಲೋ ಆಶ್ರಯತಾಣದಲ್ಲೋ ದಿನ ದೂಡುತ್ತಿರುವವರನ್ನು ಬೇರೆಯಾಗಿಯೇ ಹುಡುಕಬೇಕಾಗುತ್ತದೆ.

ಹಾಗೆಂದು ದಾಖಲೆಗಳನ್ನು ಬದಿಗಿಡಬೇಡಿ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಡೆಸ್ಮಂಡ್ ಅವರ ತಂಡ 2018ರಲ್ಲಿ ಕೋಟಿಗಟ್ಟಲೆ ನ್ಯಾಯಾಲಯ ದಾಖಲೆಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ಮೇಲೆಯೇ ಇಡೀ ದೇಶದ ಚಿತ್ರ ಕಾಣಿಸಿತು. ಯಾವ ಬೀದಿಯಲ್ಲಿ ತೆರವು ಹೆಚ್ಚು, ಯಾವ ಮಾಲೀಕರು ಮತ್ತೆ ಮತ್ತೆ ದಾವೆ ಹೂಡುತ್ತಾರೆ, ಎಷ್ಟು ಬಾಕಿಗೆ ಮನೆ ಹೋಗುತ್ತದೆ ಎಂಬುದನ್ನು ದಾಖಲೆಗಳು ಚೆನ್ನಾಗಿ ತಿಳಿಸುತ್ತವೆ. ಆದರೆ ದಾವೆ ಹೂಡಿದ್ದನ್ನೇ ತೆರವೆಂದು ಎಣಿಸಬೇಡಿ. ಬಾಕಿ ವಸೂಲಿಗೆಂದು ಒಂದೇ ಕುಟುಂಬದ ಮೇಲೆ ಹಲವು ಸಲ ದಾವೆ ಬೀಳುವುದುಂಟು.

ವಸತಿ ಅಸಮಾನತೆಯನ್ನು ನಿಮ್ಮ ಪ್ರಬಂಧದ ಕೊನೆಯ ಅಧ್ಯಾಯಕ್ಕೆ ತಳ್ಳದಿರಿ ಎಂಬುದು ನನ್ನ ವಿನಂತಿ. ಬಡತನದಿಂದ ಮನೆ ಹೋಗುತ್ತದೆ ನಿಜ, ಆದರೆ ಮನೆ ಹೋದದ್ದರಿಂದ ಕೆಲಸ ತಪ್ಪುತ್ತದೆ, ಮಕ್ಕಳ ಶಾಲೆ ಬದಲಾಗುತ್ತದೆ, ಹೆಸರಿಗೆ ಅಂಟಿದ ದಾವೆಯ ದಾಖಲೆಯನ್ನು ಕಂಡು ಮುಂದಿನ ಮಾಲೀಕರು ಬಾಗಿಲು ಮುಚ್ಚುತ್ತಾರೆ. ಇದರ ಭಾರ ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ: ಕಪ್ಪು ಜನಾಂಗದ ಬಡಾವಣೆಗಳ ಮಹಿಳೆಯರು ಮಿಲ್ವಾಕಿಯ ಜನಸಂಖ್ಯೆಯಲ್ಲಿ ಶೇ. 9ರಷ್ಟಿದ್ದರೂ ನ್ಯಾಯಾಲಯದ ಮೂಲಕ ತೆರವುಗೊಂಡವರಲ್ಲಿ ಶೇ. 30ರಷ್ಟಿದ್ದರು.

ಕ್ಷೇತ್ರಕಾರ್ಯ ಆರಂಭಿಸುವ ಮುನ್ನ ಒಂದು ವಿಷಯವನ್ನು ಮಾರ್ಗದರ್ಶಕರೊಡನೆ ತೀರ್ಮಾನಿಸಿಕೊಳ್ಳಿ. ನಿಮ್ಮೊಡನೆ ಮಾತನಾಡಿದ ಬಾಡಿಗೆದಾರರು ಇನ್ನೂ ಅದೇ ಮಾಲೀಕರ ಮನೆಯಲ್ಲಿರಬಹುದು. ಹೆಸರು ಬದಲಿಸಿದರೂ ಬೀದಿ, ಮಕ್ಕಳ ಸಂಖ್ಯೆ, ಉದ್ಯೋಗ ಇವುಗಳಿಂದ ಅವರ ಗುರುತು ಸಿಕ್ಕಿಬಿಡಬಹುದಾದ್ದರಿಂದ, ಯಾವ ವಿವರವನ್ನು ಟಿಪ್ಪಣಿಯಲ್ಲಿಯೇ ಬರೆದುಕೊಳ್ಳಬಾರದೆಂಬುದು ಮೊದಲ ಭೇಟಿಗೆ ಮುಂಚೆಯೇ ಗೊತ್ತಾಗಿರಬೇಕು.